ಹೋಗುವಾಗ ಆರು ತಾಸು, ಬರುವಾಗ ಹದಿನಾಲ್ಕು ತಾಸಾ?

ಪ್ರಶ್ನೆ (ಬೀದರ್): ಸರ್, ನಮಸ್ಕಾರ. ನಮ್ಮ ಅವ್ವ ಜೂನ್‌ನಲ್ಲಿ ಲಂಡನ್‌ಗೆ, ತಮ್ಮನ ಮನೆಗೆ ಹೊರಟಿದ್ದಾರೆ. ಮೊದಲ ಸಲ ವಿಮಾನ, ಅದೂ ಒಬ್ಬರೇ. ಹೈದರಾಬಾದಿನಿಂದ ಬೆಳಿಗ್ಗೆ 7.30ಕ್ಕೆ ಬಿಟ್ಟು ಮಧ್ಯಾಹ್ನ 1.30ಕ್ಕೆ ಲಂಡನ್ ಮುಟ್ಟುತ್ತದಂತೆ. ಬರುವಾಗ ಮಧ್ಯಾಹ್ನ 2ಕ್ಕೆ ಬಿಟ್ಟರೆ ಮರುದಿನ ನಸುಕಿನ 3.45. ದಾರಿ ಒಂದೇ ಅಲ್ವಾ? ಅವ್ವನಿಗೆ ಸಕ್ಕರೆ ಕಾಯಿಲೆ. ಊಟ, ಗುಳಿಗೆ ಹೊತ್ತಿಗೆ ಸರಿಯಾಗಿ ಆಗಬೇಕು. ಅದೇ ಚಿಂತೆ.

ಉತ್ತರ: ನಮಸ್ಕಾರ ರೀ. ನಾನು ಫ್ಲೈಟ್ ಡಿಸ್ಪ್ಯಾಚರ್. ವಿಮಾನ ಹೊರಡುವ ಮೊದಲು ದಾರಿ, ಗಾಳಿ, ಇಂಧನದ ಲೆಕ್ಕ ಹಾಕುವುದೇ ನನ್ನ ಕೆಲಸ.

ಟಿಕೆಟ್‌ನಲ್ಲಿ ಆಯಾ ಊರಿನ ಗಡಿಯಾರದ ಹೊತ್ತು ಬರೆದಿರುತ್ತಾರೆ. ಜೂನ್‌ನಲ್ಲಿ ಲಂಡನ್ ನಮಗಿಂತ ನಾಲ್ಕೂವರೆ ತಾಸು ಹಿಂದೆ. ಚಳಿಗಾಲದಲ್ಲಾದರೆ ಐದೂವರೆ. ಅಲ್ಲಿ 1.30 ಆದಾಗ ಬೀದರಿನಲ್ಲಿ ಸಂಜೆ 6. ಅಂದರೆ ಅವ್ವ ಹೋಗುವುದು ಹತ್ತೂವರೆ ತಾಸಿನ ದಾರಿ. ಬರುವಾಗ ಒಂಬತ್ತೂಕಾಲು ತಾಸು.

ಅವ್ವನ ಕೈಗಡಿಯಾರವನ್ನು ವಿಮಾನ ಇಳಿಯುವ ತನಕ ಬದಲಿಸಬೇಡಿ. ಊರಿನ ಹೊತ್ತಿನಂತೆಯೇ ಊಟ ಮಾಡಲಿ. ಇನ್ಸುಲಿನ್ ಇದ್ದರೆ ಹೊತ್ತು, ಪ್ರಮಾಣ ಎರಡನ್ನೂ ಡಾಕ್ಟರ ಬಳಿ ಮೊದಲೇ ಕೇಳಿ ಬರೆಸಿಕೊಳ್ಳಿ. ಔಷಧಿ, ಡಾಕ್ಟರ ಚೀಟಿ ಕೈಚೀಲದಲ್ಲೇ ಇರಲಿ, ದೊಡ್ಡ ಸೂಟ್‌ಕೇಸಿನಲ್ಲಿ ಬೇಡ. ಸಕ್ಕರೆ ಕಾಯಿಲೆಯವರ ಊಟ, ವೀಲ್‌ಚೇರ್ ಎರಡನ್ನೂ ಮೊದಲೇ ಹೇಳಿಡಬಹುದು. ನಡೆಯಲು ಬಂದರೂ ವೀಲ್‌ಚೇರ್ ಕೇಳಿ. ಕರೆದುಕೊಂಡು ಹೋಗಲು ಒಬ್ಬರು ಜೊತೆಗಿರುತ್ತಾರೆ. ಮೊದಲ ಸಲ ಹೋಗುವವರಿಗೆ ಅದೇ ದೊಡ್ಡ ಧೈರ್ಯ.

ಪ್ರಶ್ನೆ (ಕಲಬುರಗಿ): ಸರ್, ಗಡಿಯಾರದ ವಿಷಯ ತಿಳಿಯಿತು. ಆದರೂ ಬರುವಾಗ ಒಂದೂಕಾಲು ತಾಸು ಕಡಿಮೆ ಹೇಗೆ?

ಉತ್ತರ: ಒಳ್ಳೆ ಪ್ರಶ್ನೆ. ಅದು ಗಾಳಿಯ ಕೆಲಸ. ಹತ್ತು ಹನ್ನೊಂದು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಹರಿಯುತ್ತದೆ. ಜೆಟ್ ಸ್ಟ್ರೀಮ್ ಅನ್ನುತ್ತೇವೆ. ವಿಮಾನದ ವೇಗ ತಾಸಿಗೆ 900 ಕಿ.ಮೀ. ಅಂದುಕೊಳ್ಳಿ. ಎದುರಿನಿಂದ 80ರ ಗಾಳಿ ಬಂದರೆ ನೆಲದ ಲೆಕ್ಕದಲ್ಲಿ 820 ಮಾತ್ರ. ಅದೇ ಗಾಳಿ ಬೆನ್ನಿಗೆ ಬಿದ್ದರೆ 980. ಚಳಿಗಾಲದಲ್ಲಿ ಈ ಗಾಳಿ ಇನ್ನೂ ಜಾಸ್ತಿ.

ಹೈದರಾಬಾದ್–ಲಂಡನ್ ನೇರ ದೂರ ಸುಮಾರು 7,750 ಕಿ.ಮೀ. ಗ್ಲೋಬ್ ಮೇಲೆ ಎರಡೂ ಊರಿಗೆ ದಾರ ಬಿಗಿದು ಎಳೆದರೆ ಸಿಗುವ ದಾರಿ ಇದು. ವಿಮಾನ ಮಾತ್ರ ಅಷ್ಟೇ ಹಾರುವುದಿಲ್ಲ. 2019ರಲ್ಲಿ ಪಾಕಿಸ್ತಾನ ತಿಂಗಳುಗಟ್ಟಲೆ ತನ್ನ ಆಕಾಶ ಮುಚ್ಚಿದಾಗ ದೆಹಲಿ–ಯುರೋಪ್ ವಿಮಾನಗಳು ಸುತ್ತು ಹಾಕಿ ಹೋದವು. ಟಿಕೆಟ್‌ನ ಹೊತ್ತಿನಲ್ಲಿ ರನ್‌ವೇ ತನಕ ಉರುಳುವ ಸಮಯವೂ ಸೇರಿರುತ್ತದೆ.

ಪ್ರಶ್ನೆ (ಬೀದರ್): ಮನೆ ಎಷ್ಟಕ್ಕೆ ಬಿಡಬೇಕು ಸರ್?

ಉತ್ತರ: ರಾತ್ರಿ 12ಕ್ಕೇ ಬಿಡಿ. ಜಹೀರಾಬಾದ್ ದಾಟಿ ಔಟರ್ ರಿಂಗ್ ರೋಡ್ ಹಿಡಿದರೆ ಊರೊಳಗೆ ಹೋಗಬೇಕಿಲ್ಲ. ಶಂಷಾಬಾದ್ ವಿಮಾನ ನಿಲ್ದಾಣದ ತನಕ ಮೂರು ತಾಸು ಇಟ್ಟುಕೊಳ್ಳಿ. 3.30ರೊಳಗೆ ಗೇಟಿನಲ್ಲಿದ್ದರೆ ಅವ್ವ ಗಡಿಬಿಡಿ ಇಲ್ಲದೆ ಒಳಗೆ ಹೋಗುತ್ತಾರೆ. ಹೊರಡುವ ಮುಂಚೆ ಏನಾದರೂ ತಿನ್ನಿಸಿ.