ಡಸ್ಟ್ ಕ್ಯಾಪ್ ಬರ್ತಾನೇ ಇಲ್ಲ, ಶುಕ್ರವಾರ ಊರಿಗೆ ಹೊರಡ್ಬೇಕು

ಕೊಥ್ರೂಡ್ ಸವಾರ:
ಎರಡು ಭಾನುವಾರ ಹಾಳಾಯ್ತು. ಕಾರಿನ ಚಕ್ರದ ಬೇರಿಂಗ್ ಮೇಲೆ ಧೂಳು ತಡೆಯೋ ಮುಚ್ಚಳ, ಅದೇ ಡಸ್ಟ್ ಕ್ಯಾಪ್, ಜಪ್ಪಯ್ಯ ಅಂದ್ರೂ ಅಲ್ಲಾಡ್ತಿಲ್ಲ. ಸ್ಕ್ರೂಡ್ರೈವರ್ ಹಾಕಿ ಮೀಟಿದ್ದಕ್ಕೆ ಅಂಚು ಸೊಟ್ಟಗಾಯ್ತು ಅಷ್ಟೇ. 60 ದಾಟಿದ್ರೆ ಗೊಂಯ್ ಅಂತ ಸದ್ದು, ಶುಕ್ರವಾರ ರಾತ್ರಿ ಪುಣೆಯಿಂದ ಧಾರವಾಡಕ್ಕೆ ಹೊರಡ್ಬೇಕು. ಹಾಳು ಮಾಡದೆ ತೆಗೆಯೋದು ಹೇಗೆ ಹೇಳಿ.

ಪದ್ಮಿನಿ ಪತಿ:
ಬ್ಲೋ ಟಾರ್ಚ್. ಎರಡು ನಿಮಿಷ ಕಾಯಿಸಿ, ಲೋಹ ಹಿಗ್ಗಿ ಕೈಗೆ ಬರತ್ತೆ. ನನ್ನ ಗಾಡಿಯ ಮುಂದಿನ ಚಕ್ರಕ್ಕೆ ಯಾವಾಗ್ಲೂ ಹೀಗೇ.

ಗ್ರೀಸ್ ಕೈ:
ಒಳಗೆ ಗ್ರೀಸ್ ಇದೆ, ರಬ್ಬರ್ ಸೀಲ್ ಇದೆ. ಕರಗಿದ ಗ್ರೀಸ್ ಬ್ರೇಕ್ ಶೂ ಮೇಲೆ ಇಳಿದ್ರೆ ಘಾಟಲ್ಲಿ ದೇವರೇ ಗತಿ. ಸವಾರ್ರೇ, ಮೊದ್ಲು ಯಾವ ಗಾಡಿ, ಯಾವ ಚಕ್ರ ಹೇಳಿ.

ಕೊಥ್ರೂಡ್ ಸವಾರ:
ಆಲ್ಟೊ, 2008. ಹಿಂದಿನ ಎಡಗಡೆ. ಮುಂದೆ ಎಲ್ಲಿರತ್ತೆ ಡಸ್ಟ್ ಕ್ಯಾಪ್!

ಪದ್ಮಿನಿ ಪತಿ:
ನಮ್ಮ ಪ್ರೀಮಿಯರ್ ಪದ್ಮಿನಿಯಲ್ಲಿ ಮುಂದೇನೇ ಇರೋದು ಸ್ವಾಮಿ. ಎಂಜಿನ್ ತಿರುಗಿಸೋದು ಹಿಂದಿನ ಚಕ್ರ. 1089 ಸಿಸಿ, ಸ್ಟೀರಿಂಗ್ ಪಕ್ಕ ಗೇರು.

ಹುಬ್ಬಳ್ಳಿ ಟು ಚಿಂಚವಡ:
ಮೀಟಬ್ಯಾಡ್ರಿ. ಕ್ಯಾಪಿಗೆ ಒಂದ್ ಕಾಲರ್ ಇರ್ತದ, ಬ್ರೇಕ್ ಡ್ರಮ್ಮಿಗೆ ಹತ್ತಿ ಕೂಡು ಜಾಗ. ಅಲ್ಲಿ ತೆಳು ಛಿನ್ನಿ (ಉಳಿ) ಇಟ್ಟು ಹಗೂರಕ ಒಂದ್ ಏಟು. ಡ್ರಮ್ ತಿರುಗಿಸಿ ಮತ್ತೊಂದು. ಹಿಂಗ ಮೂರು ಕಡೆ. ಒಂದೇ ಕಡೆ ಬಡದ್ರ ಡೊಂಕಾಗಿ ಹಿಡಕೋತದ. ಸಂದಿ ಬಿದ್ದ ಮ್ಯಾಲೆ ಅಗಲ ಸ್ಕ್ರೂಡ್ರೈವರ್ ತೂರಿಸಿ ತಿರುವ್ರಿ, ಆಗ್ಲೂ ಮೀಟಬ್ಯಾಡ್ರಿ. ನನ್ನ ಛಿನ್ನಿ ಜುನಾ ಬಾಜಾರದ್ದು, ಬುಧವಾರ ಹೋದ್ರ ಸಿಗ್ತದ. ಹ್ಯಾಂಡ್‌ಬ್ರೇಕ್ ಇಳಿಸೀರಿಲ್ಲೋ? ಮುಂದಿನ ಗಾಲಿಗೆ ಕಲ್ಲು ಕೊಡ್ರಿ, ಬರೇ ಜಾಕ್ ನಂಬಬ್ಯಾಡ್ರಿ.

ಹಡಪ್ಸರ್ ಹೈದ:
ಇಷ್ಟೆಲ್ಲಾ ಯಾಕೆ? ಕ್ಯಾಪಿಗೆ ಸೈಕಲ್ ಟ್ಯೂಬ್ ಸುತ್ತಿ, ದೊಡ್ಡ ವಾಟರ್ ಪಂಪ್ ಪ್ಲೈಯರಲ್ಲಿ ಹಿಡಿದು ಆಕಡೆ ಈಕಡೆ ತಿರುಗಿಸಿ ಎಳೀರಿ.

ಹುಬ್ಬಳ್ಳಿ ಟು ಚಿಂಚವಡ:
ಆಲ್ಟೊ ಕ್ಯಾಪ್ ತಗಡು ರೀ. ಪ್ಲೈಯರ್ ಒತ್ತಿದ್ರ ಮೊಟ್ಟಿ ಆಕಾರ ಆಗ್ತದ.

ಹಡಪ್ಸರ್ ಹೈದ:
ಆರು ಗಾಡಿಗೆ ಮಾಡಿದೀನಿ. ಒಂದೂ ಮೊಟ್ಟೆ ಇಟ್ಟಿಲ್ಲ.

ಗ್ರೀಸ್ ಕೈ:
ಜಗಳ ಆಮೇಲೆ. ರಾತ್ರಿ ತುಕ್ಕು ಬಿಡಿಸೋ ಸ್ಪ್ರೇ ಹೊಡೆದಿಡಿ, ಬೆಳಿಗ್ಗೆ ಬಡೀರಿ. ಕೊಥ್ರೂಡ್ ಮಳೆಗೆ ತುಕ್ಕು ಹಿಡಿದಿರತ್ತೆ, ಬೇರೇನಿಲ್ಲ.

ಕೊಥ್ರೂಡ್ ಸವಾರ:
ಸ್ಪ್ರೇ ಆಯ್ತು. ಏನೂ ಇಲ್ಲ.

ಗ್ರೀಸ್ ಕೈ:
ಇನ್ನೊಂದು ರಾತ್ರಿ ಬಿಡಿ.

ಕೊಥ್ರೂಡ್ ಸವಾರ:
ಬಿಟ್ಟೆ. ಅರ್ಧ ಡಬ್ಬಿ ಖಾಲಿ. ಛಿನ್ನಿ ಕೂರೋಕೆ ಸಂದೀನೇ ಇಲ್ಲ, ಸುತ್ತ ಬೂದು ಬಣ್ಣದ್ದು ಕಲ್ಲಿನ ಹಾಗಿದೆ, ಅದರ ಮೇಲೆ ಜಾರತ್ತೆ.

ಹುಬ್ಬಳ್ಳಿ ಟು ಚಿಂಚವಡ:
ಬೂದು ಬಣ್ಣದ್ದು ಏನ್ರೀ?

ಕೊಥ್ರೂಡ್ ಸವಾರ:
ಕಂಪನಿಯಿಂದಾನೇ ಹಾಗೆ ಬರತ್ತೆ ಅಂದ್ಕೊಂಡಿದ್ದೆ. ಈಗ ನೆನಪಾಯ್ತು, ಹೋದ ಮಳೆಗಾಲ ದಾರೀಲಿ ಕ್ಯಾಪ್ ಸಡಿಲ ಆಗಿತ್ತು. ಹೈವೇ ಪಕ್ಕ ಒಬ್ಬರು ಮೆಕ್ಯಾನಿಕ್ ಎಂ-ಸೀಲ್ (ಗಟ್ಟಿಯಾಗೋ ಎಪಾಕ್ಸಿ ಅಂಟು) ಮೆತ್ತಿ ಕಳಿಸಿದ್ರು.

ಗ್ರೀಸ್ ಕೈ:
ಇದನ್ನ ಮೊದಲ್ನೇ ದಿನ ಹೇಳ್ಬಾರ್ದಿತ್ತಾ ಮಾರಾಯ್ರೇ! ಎಪಾಕ್ಸಿಗೆ ತುಕ್ಕಿನ ಸ್ಪ್ರೇ ಏನು ಮಾಡತ್ತೆ? ಹೇರ್ ಡ್ರೈಯರ್ ಹಿಡೀರಿ. ಬಿಸಿಗೆ ಮೆತ್ತಗಾಗತ್ತೆ, ಕಟ್ಟರ್ ಬ್ಲೇಡಿನಿಂದ ಸುತ್ತ ಕೆರೆದು ಆಮೇಲೆ ಛಿನ್ನಿ.

ಪದ್ಮಿನಿ ಪತಿ:
ಕಾಯಿಸಿ ಅಂತ ಮೊದಲ್ನೇ ಉತ್ತರದಲ್ಲೇ ಹೇಳಿದ್ದೆ. ದಾಖಲೆಗೆ ಇರಲಿ.

ಕೊಥ್ರೂಡ್ ಸವಾರ:
ಬಂತು!! ಹೆಂಡತಿ ಡ್ರೈಯರ್, ಹತ್ತು ನಿಮಿಷ, ಮೂರು ಏಟು. ಒಳಗಿನ ಗ್ರೀಸ್ ನೀರು ಸೇರಿ ಹಾಲು ಹಾಕಿದ ಕಾಫಿ ಆಗಿದೆ. ನಾನೇ ಸೊಟ್ಟ ಮಾಡಿದ ಕ್ಯಾಪ್ ಮಾತ್ರ ಈಗ ಕೂರಲ್ಲ. ಡ್ರೈಯರಿಗೆ ಗ್ರೀಸ್ ಆಗಿದೆ, ಆ ಚರ್ಚೆ ಮನೇಲಿ ಬೇರೆ ನಡೀತಿದೆ.

ಹುಬ್ಬಳ್ಳಿ ಟು ಚಿಂಚವಡ:
ನಾನಾ ಪೇಠದಾಗ ಹೊಸಾ ಕ್ಯಾಪ್ ತಗೊಳ್ರಿ, ಹಳೇದು ತಟ್ಟಿ ನೆಟ್ಟಗ ಮಾಡಿದ್ರ ಮತ್ತ ಎಂ-ಸೀಲ್ ಕಥಿನೇ. ಕೂರಿಸುವಾಗ ಕಾಲರ್ ಸುತ್ತ ಬಡೀರಿ, ನೆತ್ತಿಗಲ್ಲ. ನೆತ್ತಿ ಒಳಗ ಹೋದ್ರ ಕ್ಯಾಪ್ ಡ್ರಮ್ ಜೋಡಿ ತಿರಗತದ, ನಡುವಿನ ಸ್ಪಿಂಡಲ್ (ಅಚ್ಚು) ನಿಂತಿರ್ತದ, ಉಜ್ಜಿ ಕಿರ್ ಅಂತದ. ಕ್ಯಾಪ್ ತುಂಬ ಗ್ರೀಸ್ ತುಂಬಬ್ಯಾಡ್ರಿ. ಈಗಿರೋ ನಟ್ಟಿನ ಅಂಚು ಬಡದು ಲಾಕ್ ಮಾಡಿದ್ದಿದ್ರ ಹೊಸಾ ನಟ್ಟು ಹಾಕ್ರಿ.

ಪದ್ಮಿನಿ ಪತಿ:
ನಟ್ಟು ಸ್ವಲ್ಪ ಹಿಂದಕ್ಕೆ ಬಿಟ್ಟು ಚಕ್ರದ ಆಟ (ಅಲ್ಲಾಟ) ನೋಡ್ಕೊಳ್ಳಿ.

ಗ್ರೀಸ್ ಕೈ:
ಅಯ್ಯೋ ಬೇಡ! ಆಟ ಹೊಂದಿಸೋದು ಹಳೇ ಟೇಪರ್ ಬೇರಿಂಗಿಗೆ. ಆಲ್ಟೊದ್ದು ಬಾಲ್ ಬೇರಿಂಗ್, ಬಿಗಿ ಅಳೆಯೋ ಟಾರ್ಕ್ ರೆಂಚಲ್ಲಿ ಬಿಗಿ ಮಾಡೋದು.

ಪದ್ಮಿನಿ ಪತಿ:
ನಿಮ್ಮ ಹೊಸ ಗಾಡಿಗಳಲ್ಲಿ ಕೈಗೆ ಕೆಲಸಾನೇ ಇಲ್ಲ ಬಿಡಿ. ಅಂದ್ಹಾಗೆ, 2023ರ ಅಕ್ಟೋಬರಲ್ಲಿ ಮುಂಬೈ ಪದ್ಮಿನಿ ಟ್ಯಾಕ್ಸಿಗಳು ನಿಂತವಲ್ಲ, ಆಗ ಒಂದರ ಹಬ್ ಪೂರ್ತಿ ಸೆಟ್ ತಂದಿಟ್ಟಿದೀನಿ, ಕ್ಯಾಪ್ ಸಮೇತ. ಫೋಟೋ ಹಾಕ್ಲಾ?

ಹಡಪ್ಸರ್ ಹೈದ:
ಹಾಕಿ ಹಾಕಿ. ನಾನೂ ಮನೇಲೇ ಬೇರಿಂಗ್ ಒತ್ತಿ ಕೂರಿಸೋ ಪ್ರೆಸ್ ವೆಲ್ಡ್ ಮಾಡಿಸಿದೀನಿ, ಲಾರಿ ಜಾಕಿಂದ. ಅದರ ಫೋಟೋನೂ ಹಾಕ್ತೀನಿ.

ಕೊಥ್ರೂಡ್ ಸವಾರ:
ಸರ್, ಆ ಪ್ರೆಸ್ ಗುರುವಾರ ಸಂಜೆ ಖಾಲಿ ಇರತ್ತಾ? ಡ್ರಮ್ ತಗೊಂಡು ಹಡಪ್ಸರಿಗೇ ಬರ್ತೀನಿ.

ಪದ್ಮಿನಿ ಪತಿ:
ಫೋಟೋ ದೊಡ್ಡದಾಯ್ತಂತೆ, ಅಪ್‌ಲೋಡ್ ಆಗ್ತಿಲ್ಲ. ಚಿಕ್ಕದು ಮಾಡೋದು ಹೇಗೆ ಯಾರಾದ್ರೂ ಹೇಳಿ.