ಮಲೆನಾಡಿನ ಹಿತ್ತಿಲಲ್ಲಿ ಚಳಿ ತಾಳುವ ಬಾದಾಮಿ ಸಸಿ ನೆಡಬಹುದೇ?

ಪ್ರಶ್ನೆ: ಬ್ಯಾಣದಮನೆ, ಹೊಸನಗರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮದು ಅಡಿಕೆ ತೋಟ. ಮನೆಯ ಹಿಂದೆ ತೋಟಕ್ಕಿಂತ ಎತ್ತರದಲ್ಲಿ ಸ್ವಲ್ಪ ಬ್ಯಾಣ, ಎಂದರೆ ಹುಲ್ಲು, ಮರಗಳಿರುವ ಜಾಗವಿದ್ದು, ಅಲ್ಲಿ ಮನೆಬಳಕೆಗೆಂದು ಹಲಸು, ಪೇರಲೆ, ಜಾಯಿಕಾಯಿ ಬೆಳೆಸಿದ್ದೇವೆ. ಹಿಮಾಚಲದ ಕಿನ್ನೌರಿನಲ್ಲಿ ಉದ್ಯೋಗದಲ್ಲಿರುವ ನನ್ನ ಮೈದುನ ಅಲ್ಲಿಯ ನರ್ಸರಿಯೊಂದರಿಂದ ಮೂರು ಬಾದಾಮಿ ಕಸಿ ಸಸಿಗಳನ್ನು ಕಳುಹಿಸುವುದಾಗಿ ಹೇಳುತ್ತಿದ್ದಾನೆ. ಹಿಮ ಬಿದ್ದರೂ ಸಾಯದ, ಕಡು ಚಳಿ ತಾಳುವ ತಳಿ ಅದೆಂದು ನರ್ಸರಿಯವರು ತಿಳಿಸಿದ್ದಾರಂತೆ. ಅಷ್ಟು ಗಟ್ಟಿ ಗಿಡ ನಮ್ಮ ಪುಷ್ಯಮಾಸದ ಚಳಿಯಲ್ಲಿ ನಿರಾಯಾಸವಾಗಿ ಬದುಕೀತೆಂಬುದು ನಮ್ಮ ಲೆಕ್ಕಾಚಾರ. ಹಿಮಾಚಲದ ಎಚ್‌ಆರ್‌ಎಂಎನ್‌-99 ಸೇಬು ಕರ್ನಾಟಕದಲ್ಲಿಯೂ ಕಾಯಿ ಬಿಟ್ಟಿರುವಾಗ ಬಾದಾಮಿ ಏಕೆ ಆಗಬಾರದು? ಅಂಗಳದ ಅಂಚಿನಲ್ಲಿ ದೊಡ್ಡದೊಂದು ಕಾಡುಬಾದಾಮಿ ಮರವಿದೆ. ಅದಕ್ಕೇ ಒಳ್ಳೆಯ ಬಾದಾಮಿಯ ಕುಡಿಯನ್ನು ಕಸಿ ಮಾಡಲು ಬರುತ್ತದೆಯೇ? ಅಂಗಡಿಯ ಬಾದಾಮಿಯನ್ನೇ ಬಿತ್ತಿದರೆ ಹೇಗೆ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ: ಕಸಿಕತ್ತಿ, ಶಿವಮೊಗ್ಗ

ನಮಸ್ಕಾರ ಅಮ್ಮ. ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಗುಣಗಳು ಬೆರೆತುಹೋಗಿವೆ. ಚಳಿಯನ್ನು ತಾಳುವುದು ಒಂದು ಗುಣ. ಚಳಿಯನ್ನು ಬೇಡುವುದು ಇನ್ನೊಂದು. ಬಾದಾಮಿ ಎರಡನ್ನೂ ಉಳ್ಳ ಮರ. ಎಲೆ ಉದುರಿಸಿ ನಿದ್ರೆಗೆ ಹೋದ ಮೇಲೆ ಅದರ ಮೊಗ್ಗುಗಳು ಮತ್ತೆ ಸರಿಯಾಗಿ ಎಚ್ಚರಗೊಳ್ಳಬೇಕಾದರೆ, ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ತಂಪು ಒಟ್ಟು 200ರಿಂದ 500 ಗಂಟೆಗಳಷ್ಟಾದರೂ ದೊರೆಯಬೇಕು. ಶಿವಮೊಗ್ಗದಲ್ಲಿ ಜನವರಿಯ ಬೆಳಗಿನ ಜಾವ ಎಷ್ಟೇ ನಡುಕ ಹುಟ್ಟಿಸಿದರೂ ಮಧ್ಯಾಹ್ನದ ಹೊತ್ತಿಗೆ ಬಿಸಿಲು 30 ಡಿಗ್ರಿಯ ಆಸುಪಾಸಿಗೆ ಏರುತ್ತದೆ, ಮತ್ತು ಆ ಹಗಲಿನ ಬಿಸಿ ರಾತ್ರಿಯ ತಂಪಿನ ಫಲವನ್ನು ಬಹುಮಟ್ಟಿಗೆ ಅಳಿಸಿಹಾಕುತ್ತದೆ. ತಂಪು ಸಾಲದ ಗಿಡ ಸಾಯಬೇಕೆಂದೇನಿಲ್ಲ. ಆದರೆ ಕೊಂಬೆಯ ತುದಿಯಲ್ಲಿ ಮಾತ್ರ ಚಿಗುರಿ, ನಡುವೆ ಬೋಳಾಗಿ ಉಳಿದು, ಹೂಮೊಗ್ಗುಗಳನ್ನು ಅರಳುವ ಮೊದಲೇ ಉದುರಿಸಿಬಿಡುತ್ತದೆ.

ಇನ್ನು ಆ ತಳಿಗಳು ಹೇಗೆ ಹುಟ್ಟಿದವೆಂಬುದನ್ನು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಚಳಿನಾಡುಗಳಲ್ಲಿ ಬಾದಾಮಿಗೆ ಇರುವ ದೊಡ್ಡ ಅಪಾಯ ನಿದ್ರಿಸುವ ಮರಕ್ಕಲ್ಲ, ಹೂವಿಗೆ. ಹಣ್ಣಿನ ಮರಗಳ ಪೈಕಿ ಬಹಳ ಬೇಗ ಹೂಬಿಡುವ ಜಾತಿ ಇದು. ಶ್ರೀನಗರದ ಬಾದಾಮವಾರಿಯಲ್ಲಿ ವಸಂತದ ಮೊದಲ ಹೂವೆಂದು ಮಾರ್ಚ್‌ನಲ್ಲಿ ಜನ ನೋಡಲು ಸೇರುವುದು ಇದನ್ನೇ. ಅರಳಿದ ಹೂವು ಸೊನ್ನೆಗಿಂತ ಎರಡು ಮೂರು ಡಿಗ್ರಿ ಕೆಳಗಿನ ಹಿಮಕ್ಕೇ ಕರಕಲಾಗುತ್ತದೆ. ಆದುದರಿಂದ ತಳಿ ತಜ್ಞರು ತಡವಾಗಿ ಹೂಬಿಡುವ ಗಿಡಗಳನ್ನು ಆರಿಸುತ್ತ ಬಂದರು, ಮತ್ತು ಹಾಗೆ ತಡವಾಗಿ ಅರಳುವ ಗಿಡಗಳಲ್ಲಿ ಹೆಚ್ಚಿನವು ಹೆಚ್ಚು ಗಂಟೆಗಳ ತಂಪನ್ನು ಬೇಡುವಂಥವು. ಅಂದರೆ ಹಿಮದ ನಾಡಿಗೆ ಯಾವ ಗಿಡ ಹೆಚ್ಚು ಯೋಗ್ಯವೋ ನಮ್ಮ ಹೊಸನಗರಕ್ಕೆ ಅದು ಅಷ್ಟೇ ಅಯೋಗ್ಯ. ಎಚ್‌ಆರ್‌ಎಂಎನ್‌-99 ಇದಕ್ಕೆ ವಿರುದ್ಧ ದಿಕ್ಕಿನದು; ಬಿಲಾಸಪುರ ಜಿಲ್ಲೆಯ ಬಿಸಿಲಿನ ತಗ್ಗು ಪ್ರದೇಶದಲ್ಲಿ ಹರಿಮನ್ ಶರ್ಮಾ ಎಂಬ ರೈತರು ಬೆಳೆಸಿದ, ಕಡಿಮೆ ತಂಪು ಸಾಕೆನ್ನುವ ಸೇಬು ಅದು. ಅದರ ಯಶಸ್ಸನ್ನು ಕಿನ್ನೌರಿನ ಬಾದಾಮಿಗೆ ಅನ್ವಯಿಸಲಾಗದು.

ಕಾಡುಬಾದಾಮಿಗೆ ಕಸಿ ಕೂಡುವುದಿಲ್ಲ. ಅದು ನಮ್ಮ ಮತ್ತಿ, ತಾರೆ, ಅಳಲೆಗಳ ಬಳಗವಾದ ಟರ್ಮಿನಾಲಿಯ ಕುಲದ್ದು; ನಿಜವಾದ ಬಾದಾಮಿ ಗುಲಾಬಿ, ಪೀಚ್‌ಗಳ ಕುಟುಂಬದ್ದು. ಪೀಚ್ ಬೇರುಗಿಡದ ಮೇಲೆ ಬಾದಾಮಿಯನ್ನು ಕಸಿ ಮಾಡುವುದು ರೂಢಿಯಲ್ಲಿದೆ. ಅಂಗಡಿಯ ಬಾದಾಮಿಯನ್ನು ಒದ್ದೆ ಮರಳಿನಲ್ಲಿಟ್ಟು ಕೆಲವು ವಾರ ಫ್ರಿಜ್ಜಿನ ತಂಪು ಕೊಟ್ಟರೆ ಮೊಳೆಯಬಹುದು, ಆದರೆ ಬೀಜದ ಗಿಡ ತಾಯಿಯ ಗುಣವನ್ನೇ ತರುವ ಭರವಸೆಯಿಲ್ಲ. ಅಪರೂಪಕ್ಕೆ ಕಹಿ ಕಾಯಿಯ ಗಿಡವೂ ಹುಟ್ಟೀತು. ಕಹಿ ಬಾದಾಮಿಯನ್ನು ಜಗಿದರೆ ಸಯನೈಡ್ ವಿಷ ಬಿಡುಗಡೆಯಾಗುವುದರಿಂದ ಅದನ್ನು ಮಕ್ಕಳ ಕೈಗೆ ಎಂದಿಗೂ ಕೊಡಬಾರದು.

ಉತ್ತರ: ಘಟ್ಟದಂಚು, ತೀರ್ಥಹಳ್ಳಿ

ಕಸಿಕತ್ತಿಯವರ ವಿವರಣೆಯನ್ನು ಒಪ್ಪುತ್ತೇನೆ. ಆದರೆ ನನ್ನ ದೃಷ್ಟಿಯಲ್ಲಿ ಚಳಿಗಿಂತ ಮಳೆಯೇ ದೊಡ್ಡ ತೊಡಕು. ಹುಲಿಕಲ್, ಮಾಸ್ತಿಕಟ್ಟೆಗಳ ಕಡೆ ವರ್ಷಕ್ಕೆ 5000 ಮಿಲಿಮೀಟರ್ ಮೀರಿ ಮಳೆ ಸುರಿಯುವುದು ನಮಗೆ ವಿಶೇಷವಲ್ಲ. ಬಾದಾಮಿಯಾದರೋ ಒಣ ಬೇಸಿಗೆಯ ನಾಡಿನ ಮರ. ಅಡಿಕೆಗೆ ಕೊಳೆರೋಗ ತರುವ ಫೈಟಾಫ್ತೊರಾ ಕುಲದ ಶಿಲೀಂಧ್ರದಂಥ ರೋಗಾಣುಗಳೇ ಬಾದಾಮಿಯ ಬೇರನ್ನೂ ಬುಡವನ್ನೂ ಕೊಳೆಸುತ್ತವೆ, ಮತ್ತು ನಮ್ಮ ತೋಟದ ಮಣ್ಣಿನಲ್ಲಿ ಅವು ಮೊದಲೇ ನೆಲೆಯೂರಿವೆ. ಅಡಿಕೆಯ ಗೊನೆಗೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆದು, ಮಳೆ ತಾಗದಂತೆ ಕೊಟ್ಟೆ (ಹೊದಿಕೆ) ಕಟ್ಟಿ ಕಾಪಾಡಬಹುದು; ಮಣ್ಣಿನಡಿಯ ಬೇರಿಗೆ ಕೊಟ್ಟೆ ಕಟ್ಟಲಾಗದು. ನಮ್ಮ ಮಣ್ಣು ಹುಳಿ, ಬಾದಾಮಿ ಬಯಸುವುದು ಅಷ್ಟು ಹುಳಿಯಿಲ್ಲದ, ನೀರು ಬಸಿದುಹೋಗುವ ಮಣ್ಣನ್ನು. ಇವೆಲ್ಲವನ್ನೂ ದಾಟಿ ಕಾಯಿ ಕಚ್ಚಿತೆಂದೇ ಇಟ್ಟುಕೊಳ್ಳೋಣ, ಅದರ ಹೊರಸಿಪ್ಪೆ ಬಿರಿದು ಒಣಗಬೇಕಾದ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ನಮ್ಮಲ್ಲಿ ಹಪ್ಪಳ ಒಣಗಿಸಲೂ ಬಿಸಿಲಿರುವುದಿಲ್ಲ.

ಉತ್ತರ: ಕೆರೆಯಂಗಳ, ಶಿಕಾರಿಪುರ

ಹಿರಿಯರಿಬ್ಬರ ಮಾತಿಗೆ ಒಂದು ಸಣ್ಣ ತಕರಾರು. ಇಂಡೊನೇಷ್ಯಾದ ಪೂರ್ವ ಜಾವಾದಲ್ಲಿ ಬಾಟು ಎಂಬ ಊರಿನ ಸುತ್ತ, ಹಿಮವೇ ಕಾಣದ ಗುಡ್ಡಗಳಲ್ಲಿ, ಸೇಬಿನ ಎಲೆಗಳನ್ನು ಕೈಯಿಂದ ಕಿತ್ತು ಗಿಡ ಗಾಢ ನಿದ್ರೆಗೆ ಇಳಿಯುವ ಮೊದಲೇ ಚಿಗುರಿಸಿ, ವರ್ಷಕ್ಕೆ ಎರಡು ಫಸಲು ತೆಗೆಯುವ ಪದ್ಧತಿ ಇದೆ. ನಮ್ಮ ಶಿಕಾರಿಪುರದ ಕಡೆ ಮಳೆ ಘಟ್ಟದಷ್ಟಿಲ್ಲ. ಇಲ್ಲಿ ಬಾದಾಮಿಗೂ ಅದೇ ಉಪಾಯ ಮಾಡಲಾಗದೇ?

ಉತ್ತರ: ಕಸಿಕತ್ತಿ, ಶಿವಮೊಗ್ಗ

ಒಳ್ಳೆಯ ಪ್ರಶ್ನೆ. ಬಾಟುವಿನ ಪದ್ಧತಿ ನಿಜ, ಆದರೆ ಅದು ಆಯ್ದ ಸೇಬಿನ ತಳಿಗಳ ಮೇಲೆ, ಎತ್ತರದ ತಂಪು ಗುಡ್ಡಗಳಲ್ಲಿ, ತಲೆಮಾರುಗಳ ಕೈಕೆಲಸದಿಂದ ಕುದುರಿದ ಕ್ರಮ. ಬಾದಾಮಿಯ ಮೇಲೆ ಪ್ರಯತ್ನಿಸುವುದಾದರೆ ಕಡಿಮೆ ತಂಪು ಬೇಡುವ ತಳಿಯನ್ನೇ ಹುಡುಕಿ, ದೊಡ್ಡ ಕುಂಡದಲ್ಲಿ ಜಲ್ಲಿ ಬೆರೆಸಿದ ಮಣ್ಣು ತುಂಬಿ, ಮಳೆಗಾಲದಲ್ಲಿ ಸೂರಿನಡಿ ಬೆಳಕಿರುವೆಡೆ ಇಟ್ಟು, ಮಳೆ ನಿಂತ ಮೇಲೆ ಎಲೆ ಕೀಳಬೇಕು. ಬಹುಪಾಲು ತಳಿಗಳು ತಮ್ಮದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲವಾದ್ದರಿಂದ, ಏಕಕಾಲಕ್ಕೆ ಅರಳುವ ಎರಡು ತಳಿಗಳೂ ಜೇನೂ ಬೇಕು. ಆಸಕ್ತಿಗೆಂದು ಮಾಡಿ, ಆದರೆ ಕಾಯಿಯನ್ನು ನೆಚ್ಚಿಕೊಂಡು ಜಮೀನು ಮೀಸಲಿಡಬೇಡಿ.

ಬ್ಯಾಣದಮನೆ, ಹೊಸನಗರ ತಾಲ್ಲೂಕು

ತಮ್ಮೆಲ್ಲರಿಗೂ ಕೃತಜ್ಞತೆಗಳು. ಸಸಿ ಕಳುಹಿಸಬೇಡವೆಂದು ಮೈದುನನಿಗೆ ಇಂದೇ ಹೇಳುತ್ತೇನೆ. ಹಾಗಾದರೆ ಆ ಬ್ಯಾಣದಲ್ಲಿ ತಿನ್ನುವ ಬೀಜದ ಮರ ಯಾವುದನ್ನು ಹಾಕಬಹುದು?

ಉತ್ತರ: ಘಟ್ಟದಂಚು, ತೀರ್ಥಹಳ್ಳಿ

ಜಾಗ ಬಿಸಿಲಿಗೆ ತೆರೆದಿದ್ದು ನೀರು ನಿಲ್ಲದಿದ್ದರೆ ಗೇರು ಹಾಕಿ. ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯದಲ್ಲಿ ತಳಿಗಳ ಬಗ್ಗೆ ವಿಚಾರಿಸಬಹುದು. ಇರುವಕ್ಕಿಯ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯ ನಿಮಗೆ ಇನ್ನೂ ಹತ್ತಿರ. ಹೂಬಿಡುವ ಕಾಲದಲ್ಲಿ ಮಂಜು ಕವಿದು ಮೋಡ ಮುಚ್ಚುವ ಜಾಗವಾದರೆ ಗೇರಿನ ಹೂವು ಕರಟುತ್ತದೆ, ಟೀ ಸೊಳ್ಳೆ ಎಂಬ ರಸ ಹೀರುವ ಕೀಟದ ಕಾಟವೂ ಹೆಚ್ಚು. ಅಂಥ ಕಡೆ ಈಗಿರುವ ಜಾಯಿಕಾಯಿಯನ್ನೇ ಇನ್ನಷ್ಟು ವಿಸ್ತರಿಸುವುದು ಮೇಲು.

ಅಂಗಳದ ಕಾಡುಬಾದಾಮಿಯನ್ನು ದಯವಿಟ್ಟು ಕಡಿಯಬೇಡಿ. ಅದರ ಬೀಜವೂ ತಿನ್ನಲು ರುಚಿ, ಎಣ್ಣೆಯಂಶ ಹೇರಳ. ಉದುರಿದ ಕಾಯಿಗಳನ್ನು ಆರಿಸಿ ಚೆನ್ನಾಗಿ ಒಣಗಿಸಿ, ಅಂಚಿನ ಏಣನ್ನು ಮೇಲೆ ಮಾಡಿ ನಿಲ್ಲಿಸಿ, ಕತ್ತಿಯಿಂದ ಆ ಏಣಿನ ಮೇಲೆಯೇ ಹೊಡೆದರೆ ತಿರುಳು ಪುಡಿಯಾಗದೆ ಇಡಿಯಾಗಿ ಬರುತ್ತದೆ.