ಆಸ್ಪತ್ರೆ ಸಿಬ್ಬಂದಿಗೆ ಫ್ಲೂ ಲಸಿಕೆ: ಯಾವ ತಿಂಗಳು, ವಾರ್ಡಿಗೆ ಒಯ್ಯೋದು ಹೇಗೆ?

ಸೋಂಕುನಿಯಂತ್ರಣ_ಸಿಸ್ಟರ್:
ನಮ್ಮಲ್ಲಿ ಲಸಿಕೆ ಹಾಕೋದು ಒಂದೇ ಕೋಣೆಯಲ್ಲಿ, ಬೆಳಿಗ್ಗೆ 10ರಿಂದ 1ರವರೆಗೆ. ನೈಟ್ ಡ್ಯೂಟಿಯವರು, ಹೌಸ್‌ಕೀಪಿಂಗ್‌ನವರು ಬರೋದೇ ಇಲ್ಲ. "ಚುಚ್ಚಿಸ್ಕೊಂಡ್ರೆ ಫ್ಲೂ ಬರುತ್ತೆ" ಅನ್ನೋ ಮಾತು ಬೇರೆ. ಈ ಸಲ ವಾರ್ಡಿಗೇ ಒಯ್ಯಬೇಕು. ಯಾವಾಗ ಶುರು ಮಾಡೋಣ? ಲಸಿಕೆ ಒಯ್ಯೋ ಐಸ್ ಡಬ್ಬಿ (ಕ್ಯಾರಿಯರ್) ವಿಷಯದಲ್ಲಿ ಏನು ಎಚ್ಚರ ಬೇಕು?

ಮುಂಗಾರಿಗೆ_ಮುನ್ನ:
ಮೇ ಮುಗಿಯೋದರೊಳಗೆ ಎಲ್ಲರಿಗೂ ಹಾಕಿ. ನಮ್ಮ ಕಡೆ ಫ್ಲೂ ಜನವರಿ–ಮಾರ್ಚ್‌ನಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ಏರುತ್ತೆ. ರಕ್ಷಣೆ ಬರೋಕೆ ಸುಮಾರು 2 ವಾರ ಬೇಕು. ಫ್ಲೂ ಲಸಿಕೆ ಉತ್ತರ, ದಕ್ಷಿಣ ಗೋಳಾರ್ಧಕ್ಕೆ ಬೇರೆ ಬೇರೆಯಾಗಿ ಬರುತ್ತೆ; ಡಬ್ಬಿ ಮೇಲೆ ದಕ್ಷಿಣ ಗೋಳಾರ್ಧ, ಅದೇ ವರ್ಷ ಅಂತ ಇದೆಯಾ ನೋಡಿ. ನಾಲ್ಕು ವೈರಸ್ ತಳಿಯ ಲಸಿಕೆ ಬದಲು ಮೂರು ತಳಿಯದು ಬಂದ್ರೆ ಚಿಂತೆ ಬೇಡ: ನಾಲ್ಕನೆಯದಾದ ಬಿ ಯಾಮಗಾಟಾ ತಳಿ 2020ರ ಮಾರ್ಚ್ ನಂತರ ಖಚಿತವಾಗಿ ಎಲ್ಲೂ ಕಂಡಿಲ್ಲ.

ಕೋಲ್ಡ್‌ಚೈನ್:
ಬಿಸಿಗಷ್ಟೇ ಅಲ್ಲ, ಐಸಿಗೂ ಹೆದರಬೇಕು. ಫ್ರೀಜರ್‌ನಿಂದ ತೆಗೆದ ಐಸ್‌ಪ್ಯಾಕ್ ಬೆವರಿ, ಕಿವಿ ಹತ್ತಿರ ಅಲ್ಲಾಡಿಸಿದರೆ ಒಳಗೆ ನೀರು ಕುಲುಕೋ ಸದ್ದು ಬರೋವರೆಗೆ ಹೊರಗೇ ಇರಲಿ. ಸಿರಿಂಜ್‌ಗಳು ಪ್ಯಾಕಿಗೆ ತಾಗದ ಹಾಗೆ ಅವುಗಳ ರಟ್ಟಿನ ಡಬ್ಬಿಯಲ್ಲೇ ಇಡಿ. ಬೇಕಾದ್ದು 2–8 ಡಿಗ್ರಿ. ಹೆಪ್ಪುಗಟ್ಟಿ ಕರಗಿದ ಲಸಿಕೆ ಕಣ್ಣಿಗೆ ಸರಿಯಾಗೇ ಕಾಣಬಹುದು, ಶೇಕ್ ಟೆಸ್ಟ್‌ನಲ್ಲೂ (ಅಲ್ಲಾಡಿಸಿ, ಗಷ್ಟು ಹೇಗೆ ತಳಕ್ಕಿಳಿಯುತ್ತೆ ನೋಡೋ ಪರೀಕ್ಷೆ) ಗೊತ್ತಾಗಲ್ಲ. ಆ ಪರೀಕ್ಷೆ ಅಲ್ಯೂಮಿನಿಯಂ ಇರೋ ಲಸಿಕೆಗಳಿಗೆ ಮಾತ್ರ. ಹೆಪ್ಪುಗಟ್ಟಿದ ಅನುಮಾನ ಬಂದ್ರೂ ಅದನ್ನು ಯಾರಿಗೂ ಹಾಕಬೇಡಿ.

ವಾರ್ಡ್_ರೌಂಡ್ಸ್:
ಡ್ಯೂಟಿ ಬದಲಾಗೋ ಹೊತ್ತಿಗೆ ಹೋಗಿ, ಎರಡೂ ಶಿಫ್ಟ್‌ನವರು ಒಟ್ಟಿಗೆ ಸಿಗ್ತಾರೆ. ಪಟ್ಟಿಯಲ್ಲಿ ಕಾಂಟ್ರಾಕ್ಟ್ ಮೇಲಿರೋ ಹೌಸ್‌ಕೀಪಿಂಗ್, ಸೆಕ್ಯೂರಿಟಿ, ಊಟ ಹಂಚೋರ ಹೆಸರೂ ಇರಲೇಬೇಕು. ರೋಗಿಯ ಮಂಚದ ಪಕ್ಕ ದಿನಾ ನಿಲ್ಲೋರು ಅವರೇ.

ಫ್ಲೂ ಬರುತ್ತೆ ಅನ್ನೋರಿಗೆ ನೇರವಾಗಿ ಹೇಳಿ: ತೋಳಿಗೆ ಹಾಕೋ ಈ ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲ, ಫ್ಲೂ ಬರಿಸೋಕೆ ಆಗಲ್ಲ. ತೋಳು ನೋವು, ಸಣ್ಣ ಜ್ವರ 1–2 ದಿನ ಇರಬಹುದು. ಇದನ್ನು ಮುಚ್ಚಿಟ್ಟರೆ ಮುಂದಿನ ವರ್ಷ ಯಾರೂ ನಂಬಲ್ಲ. ಐಸಿಯು ಸಿಬ್ಬಂದಿಗೆಲ್ಲ ಒಂದೇ ದಿನ ಹಾಕಬೇಡಿ, ಎರಡು ಮೂರು ದಿನಕ್ಕೆ ಹಂಚಿ. ಗರ್ಭಿಣಿಯರಿಗೆ ಎಷ್ಟನೇ ತಿಂಗಳಾದರೂ ಹಾಕಬಹುದು.

ಕೋಲ್ಡ್‌ಚೈನ್:
ಇನ್ನೊಂದು ಬಿಟ್ಟೆ. ವಾರ್ಡಿನ ಅವಸರದಲ್ಲಿ ಯೂನಿಫಾರ್ಮ್ ಕಾಲರ್ ಎಳೆದು ಭುಜದ ಮೇಲ್ಭಾಗಕ್ಕೇ ಚುಚ್ಚಿಬಿಡ್ತಾರೆ. ಸೂಜಿ ಕೀಲಿನ ಹತ್ತಿರ ಹೋದ್ರೆ ತಿಂಗಳುಗಟ್ಟಲೆ ಕೈ ಎತ್ತೋಕಾಗದ ನೋವು ಉಳಿಯಬಹುದು. ಕೂರಿಸಿ, ತೋಳು ಪೂರ್ತಿ ಬಿಡಿಸಿ, ಭುಜದ ಎಲುಬಿನ ತುದಿಯಿಂದ 2–3 ಬೆರಳು ಕೆಳಗೆ ನೇರವಾಗಿ 0.5 ಎಂಎಲ್ ಹಾಕಿ. ಆಮೇಲೆ 15 ನಿಮಿಷ ಅಲ್ಲೇ ಕೂರಲಿ, ತೀವ್ರ ಅಲರ್ಜಿ ಆದ್ರೆ ಕೊಡೋಕೆ ಟ್ರಾಲಿಯಲ್ಲಿ ಅಡ್ರಿನಲಿನ್ ಇರಲಿ.